ಹೆಸರು ಮಾಡಿದ ಮೇಲೆ ಬಡ ಊರಿಗೆ ಹೋಗಿ ನೆಲೆಸಿದ ಕ್ಯಾಥರೀನ್ ಡನ್‌ಹ್ಯಾಮ್: ನಿಮಗೇನನ್ನಿಸುತ್ತದೆ?

ಗೆಜ್ಜೆ_ಹಾಸನ

ಎಲ್ಲರಿಗೂ ನಮಸ್ಕಾರ. ನಾನು ಹಾಸನದಲ್ಲಿ ಹದಿನೆಂಟು ವರ್ಷದಿಂದ ಭರತನಾಟ್ಯ ಹೇಳಿಕೊಡುತ್ತಿದ್ದೇನೆ. ಇಲ್ಲಿ ಓದೋದೇ ಜಾಸ್ತಿ, ಬರೆಯೋದು ಕಡಿಮೆ. ಈಗ ಒಂದು ವಿಷಯ ತಲೆಯಲ್ಲಿ ಕೂತುಬಿಟ್ಟಿದೆ.

ಎರಡು ತಿಂಗಳ ಹಿಂದೆ ನನ್ನ ಕ್ಲಾಸಿನಿಂದ ಒಬ್ಬಳು ಹುಡುಗಿ ಬಿಟ್ಟು ಹೋದಳು. ಐದು ವರ್ಷ ಕಲಿತಿದ್ದಳು. ಅವಳು ಅರಮಂಡಿ (ಮಂಡಿ ಅರ್ಧ ಬಗ್ಗಿಸಿ ಕೂರುವ ಭಂಗಿ) ಕೂತರೆ ಉಳಿದ ಮಕ್ಕಳು ತಾವಾಗಿಯೇ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರು. ಅವಳಪ್ಪ ಗಾರೆ ಕೆಲಸದವರು. ಫೀಸು ನಾನು ತೆಗೆದುಕೊಳ್ಳುತ್ತಿರಲಿಲ್ಲ. ಆದರೆ ಜೊತೆಯ ಹುಡುಗಿಯೊಬ್ಬಳ ರಂಗಪ್ರವೇಶ, ಅಂದರೆ ವೇದಿಕೆಯ ಮೇಲಿನ ಮೊದಲ ಪೂರ್ತಿ ಕಾರ್ಯಕ್ರಮ, ನೋಡಿ ಬಂದ ಅವರಮ್ಮ, "ಮಿಸ್, ಇದು ನಮ್ಮಂಥವರಿಗಲ್ಲ ಬಿಡಿ" ಅಂದರು. ಸಭಾಂಗಣದ ಬಾಡಿಗೆ, ಹಾಡುವವರು, ಮೃದಂಗ, ಕೊಳಲು, ಹೊಲಿಸಿದ ಸೀರೆ, ಬಂದವರಿಗೆ ಊಟ. ಅವರು ಬೆರಳು ಮಡಿಸುತ್ತಾ ಎಣಿಸಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಇದೇ ಸಂಕಟದಲ್ಲಿದ್ದಾಗ ಅಮೆರಿಕದ ನೃತ್ಯ ಕಲಾವಿದೆ ಕ್ಯಾಥರೀನ್ ಡನ್‌ಹ್ಯಾಮ್ ಬಗ್ಗೆ ಓದಲು ಸಿಕ್ಕಿತು. ನಾನು ವಿದ್ವತ್‌ಗೆ ಓದುವಾಗ ಈ ಹೆಸರನ್ನೇ ಕೇಳಿರಲಿಲ್ಲ.

1909ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಹುಟ್ಟಿದವರು. ಅಪ್ಪ ಕಪ್ಪು ಜನಾಂಗದವರು, ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ ಇಟ್ಟಿದ್ದರು. ಅಮ್ಮ ಇವರು ಚಿಕ್ಕವರಿರುವಾಗಲೇ ತೀರಿಕೊಂಡರು. ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಮಾನವಶಾಸ್ತ್ರ ಓದುತ್ತಲೇ ನೃತ್ಯ ಕಲಿತರು, ಕಲಿಸಿದರು. 1935ರಲ್ಲಿ ಫೆಲೋಶಿಪ್ ಸಿಕ್ಕಿತು. ಕೆರಿಬಿಯನ್ ದ್ವೀಪಗಳಿಗೆ ಹೋದರು. ಜಮೈಕಾ, ಮಾರ್ಟಿನಿಕ್, ಟ್ರಿನಿಡಾಡ್, ಎಲ್ಲಕ್ಕಿಂತ ಜಾಸ್ತಿ ದಿನ ಹೈಟಿ. ಗುಲಾಮರಾಗಿ ಬಂದ ಆಫ್ರಿಕಾದ ಜನ ಊರು, ಭಾಷೆ, ಹೆಸರು ಎಲ್ಲ ಕಳೆದುಕೊಂಡ ಮೇಲೂ ಮೈಯಲ್ಲಿ ಏನನ್ನು ಉಳಿಸಿಕೊಂಡರು? ಅದನ್ನು ಹುಡುಕಿಕೊಂಡು ಹೋದದ್ದು.

ವಾಪಸ್ ಬಂದು 1938ರಲ್ಲಿ 'ಲಾಗ್ಯಾ' ಅನ್ನುವ ನೃತ್ಯ ಮಾಡಿಸಿದರು. ಮಾರ್ಟಿನಿಕ್‌ನ ಮೀನುಗಾರರ ಹಳ್ಳಿಯ ಕಥೆ. 1940ರಲ್ಲಿ ಬ್ರಾಡ್‌ವೇ, ಅಂದರೆ ನ್ಯೂಯಾರ್ಕಿನ ದೊಡ್ಡ ರಂಗಮಂದಿರಗಳು. 1943ರಲ್ಲಿ ಹಾಲಿವುಡ್ ಸಿನಿಮಾ. ಆಮೇಲೆ ತಮ್ಮದೇ ತಂಡ ಕಟ್ಟಿಕೊಂಡು ಎರಡು ದಶಕ ಐವತ್ತಕ್ಕೂ ಹೆಚ್ಚು ದೇಶ ಸುತ್ತಿದರು.

ಇಷ್ಟೆಲ್ಲ ಆದ ಮೇಲೆ, ಅರವತ್ತರ ಹತ್ತಿರದ ವಯಸ್ಸಿನಲ್ಲಿ, ಈಸ್ಟ್ ಸೇಂಟ್ ಲೂಯಿಸ್ ಅನ್ನುವ ಊರಿಗೆ ಹೋಗಿ ಮನೆ ಮಾಡಿದರು. ಕಾರ್ಖಾನೆಗಳು ಮುಚ್ಚಿದ್ದ ಊರು. ಅಲ್ಲಿ 1967ರಲ್ಲಿ ಪ್ರದರ್ಶನ ಕಲೆಗಳ ತರಬೇತಿ ಕೇಂದ್ರ ಶುರು ಮಾಡಿ, ಬೀದಿಯಲ್ಲಿ ಅಲೆಯುತ್ತಿದ್ದ ಹುಡುಗರನ್ನು ಕರೆದು ಕೂರಿಸಿದರು.

ನನ್ನ ಪ್ರಶ್ನೆ ಇಷ್ಟೇ. ದೊಡ್ಡ ಕಲಾವಿದೆ ತನ್ನ ಕಲೆಯನ್ನು ಬದಿಗಿಟ್ಟು ಸಮಾಜಸೇವೆಗೆ ಹೋದ ಕಥೆಯಾ ಇದು? ಅಥವಾ ಅದೂ ಅವರ ನೃತ್ಯದ ಕೆಲಸವೇನಾ? ನನಗೆ ಎರಡನೆಯದು ಅನ್ನಿಸುತ್ತದೆ. ಬಲ್ಲವರು ಹೇಳಿ.

ಮಿಸಿಸಿಪ್ಪಿ_ದಂಡೆ

ಮೇಡಂ, ನಾನು ಸೇಂಟ್ ಲೂಯಿಸ್‌ನಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಮೂಲ ಶಿರಸಿ. ನೀವು ಹೇಳಿದ ಊರು ನಮ್ಮ ಮನೆಯಿಂದ ಅರ್ಧ ಗಂಟೆ ದೂರವೂ ಇಲ್ಲ.

ಒಂದು ಹೊಳೆ, ಎರಡು ಲೋಕ. ಈ ದಂಡೆಯಲ್ಲಿ 630 ಅಡಿ ಎತ್ತರದ ದೊಡ್ಡ ಕಮಾನು, ಪ್ರವಾಸಿಗಳು, ಹೋಟೆಲುಗಳು. ಸೇತುವೆ ದಾಟಿದರೆ ಈಸ್ಟ್ ಸೇಂಟ್ ಲೂಯಿಸ್. 1950ರಲ್ಲಿ ಅಲ್ಲಿ ಸುಮಾರು 82 ಸಾವಿರ ಜನ ಇದ್ದರು. 2020ರ ಗಣತಿಯಲ್ಲಿ 20 ಸಾವಿರವೂ ಇಲ್ಲ. ಮಾಂಸದ ಕಾರ್ಖಾನೆ, ರೈಲ್ವೆ, ಗಾಜು, ಅಲ್ಯೂಮಿನಿಯಂ ಅಂತ ಕೂಲಿ ಇದ್ದ ಊರು. ಕೆಲಸ ಹೋಯಿತು, ಹೋಗಲು ಆದವರು ಹೋದರು. ಮನೆ ಇದ್ದ ಜಾಗದಲ್ಲಿ ಹುಲ್ಲು, ಹುಲ್ಲಿನ ನಡುವೆ ಎಲ್ಲಿಗೂ ಹೋಗದ ನಾಲ್ಕು ಮೆಟ್ಟಿಲು. ಮೊದಲ ಸಲ ನೋಡಿದಾಗ ಗಂಟಲು ಕಟ್ಟಿತು.

ಹಳೆಯ ಗಾಯವೂ ಇದೆ. 1917ರ ಜುಲೈನಲ್ಲಿ ಬಿಳಿಯರ ಗುಂಪುಗಳು ಅಲ್ಲಿ ಕಪ್ಪು ಜನರನ್ನು ಬೀದಿಯಲ್ಲಿ ಕೊಂದವು, ಮನೆಗಳಿಗೆ ಬೆಂಕಿ ಇಟ್ಟವು. ಅಮೆರಿಕದ ಅತಿ ಘೋರ ಜನಾಂಗ ಹಿಂಸೆಗಳಲ್ಲಿ ಅದೂ ಒಂದು. ಜಾಝ್ ಸಂಗೀತಗಾರ ಮೈಲ್ಸ್ ಡೇವಿಸ್ ಬೆಳೆದದ್ದು ಇದೇ ಊರಲ್ಲಿ. ಓಟಗಾರ್ತಿ ಜಾಕಿ ಜಾಯ್ನರ್ ಕೆರ್ಸಿಯೂ ಇಲ್ಲಿಯವರೇ. ಅಂದರೆ ಊರು ಬಡವಾಗಿತ್ತೇ ಹೊರತು ಮಕ್ಕಳು ಬಡವಾಗಿರಲಿಲ್ಲ.

ಡನ್‌ಹ್ಯಾಮ್ ಹೆಸರಿನ ಮ್ಯೂಸಿಯಂ ಇದೆ, ಹಳೆಯ ದೊಡ್ಡ ಮನೆಯಲ್ಲಿ. 1977ರಲ್ಲಿ ಅವರೇ ಶುರು ಮಾಡಿದ್ದು. ನಾನು ಮಗಳನ್ನು ಕರೆದುಕೊಂಡು ಹೋಗಿದ್ದೆ. ಹೈಟಿಯ, ಆಫ್ರಿಕಾದ ಡೋಲುಗಳು. ನೃತ್ಯದ ಉಡುಪುಗಳು. ಅವನ್ನು ವಿನ್ಯಾಸ ಮಾಡುತ್ತಿದ್ದವರು ಪತಿ ಜಾನ್ ಪ್ರಾಟ್. ಅವರು ಬಿಳಿಯರು, ಇವರು ಕಪ್ಪು. ಆ ಕಾಲದಲ್ಲಿ ಎಷ್ಟೋ ರಾಜ್ಯಗಳಲ್ಲಿ ಅಂಥ ಮದುವೆಯೇ ಅಪರಾಧ.

ಅಲ್ಲಿ ಒಬ್ಬ ಹಿರಿಯ ಹೆಂಗಸು ಸಿಕ್ಕರು. ಎಪ್ಪತ್ತು ದಾಟಿರಬೇಕು. ಚಿಕ್ಕವರಿದ್ದಾಗ ಆ ಕೇಂದ್ರದಲ್ಲಿ ಕಲಿತವರಂತೆ. ನನ್ನ ಮಗಳು ಭರತನಾಟ್ಯ ಕಲಿಯುತ್ತಾಳೆ ಅಂದೆ. ತಕ್ಷಣ ಕುರ್ಚಿಯ ಬೆನ್ನು ಹಿಡಿದು ನಿಂತರು. ಭುಜ ಅಲ್ಲಾಡಲಿಲ್ಲ, ಸೊಂಟ ಅಲ್ಲಾಡಲಿಲ್ಲ. ಪಕ್ಕೆಲುಬಿನ ಭಾಗ ಮಾತ್ರ ಎಡಕ್ಕೆ ಹೋಯಿತು, ನಡುವಿಗೆ ಬಂತು, ಬಲಕ್ಕೆ ಹೋಯಿತು. ಗಾಜಿನ ಡಬ್ಬಿಯೊಳಗೆ ನೀರು ತೂಗಿದ ಹಾಗೆ. ಆಮೇಲೆ ಬರೀ ಕತ್ತು. ಆಮೇಲೆ ಬರೀ ಸೊಂಟ. ಮಗಳು ಬಾಯಿ ಬಿಟ್ಟುಕೊಂಡು ನೋಡಿದಳು. ಮನೆಗೆ ಬಂದು ಒಂದು ವಾರ ಕನ್ನಡಿ ಮುಂದೆ ಅದನ್ನೇ ಮಾಡಿದಳು.

ಐವತ್ತು ವರ್ಷ ಆದರೂ ಮೈ ಮರೆತಿರಲಿಲ್ಲ ನೋಡಿ. ಇದು ಸಮಾಜಸೇವೆಯೋ ಕಲೆಯೋ ಅಂತ ಕೇಳಿದಿರಿ. ನನಗೆ ಆ ಅಜ್ಜಿಯ ಪಕ್ಕೆಲುಬು ನೆನಪಾಗುತ್ತದೆ.

ಸಭಿಕ_ಜಯನಗರ

ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಮೂವತ್ತು ವರ್ಷದಿಂದ ನೃತ್ಯ ನೋಡುತ್ತಿದ್ದೇನೆ. ಒಬ್ಬ ನೃತ್ಯ ಸಂಯೋಜಕರ ಕೃತಿ ಉಳಿಯುವುದು ಅದನ್ನು ಆಡುವ ತಂಡ ಇದ್ದರೆ ಮಾತ್ರ. ಸಂಗೀತಕ್ಕೆ ಸ್ವರಲಿಪಿ ಇದೆ, ನಾಟಕಕ್ಕೆ ಪಠ್ಯ ಇದೆ. ನೃತ್ಯ ಮೈಯಿಂದ ಮೈಗೆ ಹೋಗಬೇಕು.

ಅಮೆರಿಕದ ಬೇರೆ ನೃತ್ಯ ಸಂಯೋಜಕರನ್ನು ನೋಡಿ. ಮಾರ್ಥಾ ಗ್ರಹಾಂ ತಂಡ ಇವತ್ತಿಗೂ ಇದೆ. ಆಲ್ವಿನ್ ಏಲಿ ತಂಡ ಇದೆ. ಡನ್‌ಹ್ಯಾಮ್ ತಂಡ ಅರವತ್ತರ ದಶಕದ ಮೊದಲಲ್ಲೇ ನಿಂತುಹೋಯಿತು. 1963ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ 'ಐಡಾ'ಕ್ಕೆ ನೃತ್ಯ ಸಂಯೋಜಿಸಿದವರು ಅವರು. ಆ ಮಟ್ಟದಲ್ಲಿದ್ದವರು ನ್ಯೂಯಾರ್ಕಿನಲ್ಲೇ ನಿಂತು ತಮ್ಮ ಕೃತಿಗಳನ್ನು ಮುಂದಿನವರಿಗೆ ಕಲಿಸಬೇಕಿತ್ತು. 'ಶಾಂಗೊ', 'ರೀಟ್ ದ ಪಸಾಜ್' ಇವನ್ನೆಲ್ಲ ಇವತ್ತು ಪೂರ್ತಿಯಾಗಿ ವೇದಿಕೆಯ ಮೇಲೆ ನೋಡಿದವರು ಎಷ್ಟು ಜನ?

ಬಡ ಮಕ್ಕಳಿಗೆ ಕಲಿಸುವವರು ಇನ್ನೂ ಸಿಗುತ್ತಾರೆ. ಆದರೆ 'ಶಾಂಗೊ' ಮಾಡುವವರು ಒಬ್ಬರೇ. ಇದು ನನ್ನ ನೋವು, ಟೀಕೆ ಅಲ್ಲ.

ನೇಪಥ್ಯ_ಮೈಸೂರು

ಸಭಿಕ ಸರ್, ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ಅವರು ನ್ಯೂಯಾರ್ಕನ್ನು ಬಿಟ್ಟು ಬಂದರು ಅನ್ನುವ ಹಾಗೆ ಬರೆದಿದ್ದೀರಿ. ಬಾಗಿಲು ಹೇಗೆ ಒಂದೊಂದಾಗಿ ಮುಚ್ಚಿತು ಅನ್ನೋದನ್ನೂ ನೋಡಬೇಕು. ಸ್ವಲ್ಪ ಉದ್ದ ಆಗುತ್ತದೆ, ಕ್ಷಮಿಸಿ.

1944ರ ಅಕ್ಟೋಬರ್. ಕೆಂಟಕಿ ರಾಜ್ಯದ ಲೂಯಿವಿಲ್. ಕಾರ್ಯಕ್ರಮ ಮುಗಿದಿದೆ, ಚಪ್ಪಾಳೆ ನಿಲ್ಲುತ್ತಿಲ್ಲ. ಆ ಸಭಾಂಗಣದಲ್ಲಿ ಕಪ್ಪು ಜನರಿಗೆ ಬೇರೆ ಜಾಗ. ಡನ್‌ಹ್ಯಾಮ್ ಮುಂದೆ ಬಂದು ನಿಂತು ಮಾತಾಡುತ್ತಾರೆ. ನೀವು ನಮ್ಮನ್ನು ಮೆಚ್ಚಿದ್ದು ಸಂತೋಷ, ಆದರೆ ನಮ್ಮಂಥವರು ನಿಮ್ಮಂಥವರ ಪಕ್ಕ ಕೂರಲು ಇಲ್ಲಿ ಬಿಡುವುದಿಲ್ಲ, ಅದಕ್ಕೇ ಇದು ವಿದಾಯ, ಅದು ಬದಲಾಗುವ ತನಕ ನಾವು ಈ ಊರಿಗೆ ಬರುವುದಿಲ್ಲ ಅನ್ನುವ ಅರ್ಥದ ಮಾತು. ಟಿಕೆಟ್ ಕೊಂಡ ಜನರ ಮುಂದೆ, ಅದೂ ಇನ್ನೂ ಮೇಕಪ್ಪಿನಲ್ಲೇ. ಯೋಚನೆ ಮಾಡಿ.

1950, ಬ್ರೆಜಿಲ್. ಸಾವೊ ಪೌಲೊದ ದೊಡ್ಡ ಹೋಟೆಲೊಂದು ಇವರಿಗೆ ರೂಮು ಕೊಡಲಿಲ್ಲ. ಇವರು ಸುಮ್ಮನಿರಲಿಲ್ಲ. ಪತ್ರಿಕೆಗಳಲ್ಲಿ ಗದ್ದಲವಾಯಿತು. ಮರುವರ್ಷವೇ ಆ ದೇಶದಲ್ಲಿ ಜನಾಂಗ ಭೇದವನ್ನು ಅಪರಾಧ ಮಾಡುವ ಅಫೊನ್ಸೊ ಅರಿನೊಸ್ ಕಾನೂನು ಬಂತು.

ಆಮೇಲೆ 'ಸೌತ್‌ಲ್ಯಾಂಡ್'. ಇದೇ ತಿರುವು ಅಂತ ನನಗನ್ನಿಸುತ್ತದೆ. ಚಿಲಿಯ ಸಾಂಟಿಯಾಗೊದಲ್ಲಿ 1951ರಲ್ಲಿ ಆಡಿದರು. ಅಮೆರಿಕದ ದಕ್ಷಿಣದಲ್ಲಿ ಕಪ್ಪು ಯುವಕನೊಬ್ಬನ ಮೇಲೆ ಸುಳ್ಳು ಆರೋಪ ಹೊರಿಸಿ ಗುಂಪು ಅವನನ್ನು ಮರಕ್ಕೆ ನೇತುಹಾಕುವ ಕಥೆ. ವೇದಿಕೆಯ ಮೇಲೆ ಆ ದೇಹ ಮರದಲ್ಲಿ ತೂಗುತ್ತದೆ. ಅಮೆರಿಕದ ರಾಯಭಾರ ಕಚೇರಿಗೆ ಇದು ಹಿಡಿಸಲಿಲ್ಲ. ಹೊರದೇಶದಲ್ಲಿ ನಮ್ಮ ಮಾನ ಕಳೆಯುತ್ತಾರೆ ಅನ್ನುವ ಸಿಟ್ಟು. 1953ರಲ್ಲಿ ಪ್ಯಾರಿಸ್‌ನಲ್ಲಿ ಮತ್ತೆ ಆಡಿದರು, ಆಮೇಲೆ ಆಡಲಾಗಲಿಲ್ಲ. ಐವತ್ತರ ದಶಕದಲ್ಲಿ ಬೇರೆ ನೃತ್ಯ ತಂಡಗಳನ್ನು ಸರ್ಕಾರವೇ ಖರ್ಚು ಕೊಟ್ಟು ವಿದೇಶಕ್ಕೆ ಕಳಿಸುತ್ತಿತ್ತು. ಡನ್‌ಹ್ಯಾಮ್ ತಂಡಕ್ಕೆ ಆ ಭಾಗ್ಯ ಬರಲಿಲ್ಲ. ಅಷ್ಟು ಜನ ನರ್ತಕರು, ಡೋಲಿನವರು, ಪೆಟ್ಟಿಗೆಗಟ್ಟಲೆ ಉಡುಪು. ಎಲ್ಲವನ್ನೂ ಟಿಕೆಟ್ ಹಣದಲ್ಲೇ ಸಾಗಿಸಿದರು. ನ್ಯೂಯಾರ್ಕಿನಲ್ಲಿ ಇವರ ಶಾಲೆಯೂ ಇತ್ತು. ಗಾಯಕಿ ಅರ್ಥಾ ಕಿಟ್ ಅಲ್ಲಿಂದಲೇ ಬಂದವರು. ಸಿನಿಮಾ ನಟರಾದ ಮಾರ್ಲನ್ ಬ್ರಾಂಡೊ, ಜೇಮ್ಸ್ ಡೀನ್ ಅಲ್ಲಿ ಕ್ಲಾಸಿಗೆ ಹೋಗುತ್ತಿದ್ದರು. ಆ ಶಾಲೆಯೂ ದುಡ್ಡಿಲ್ಲದೆ ಮುಚ್ಚಿತು.

ಇನ್ನೊಂದು ಮಾತು. ನ್ಯೂಯಾರ್ಕಿನ ಆ ಶಾಲೆಯಲ್ಲಿ ಬರೀ ನೃತ್ಯ ಹೇಳಿಕೊಡುತ್ತಿರಲಿಲ್ಲ. ಡೋಲು, ನಾಟಕ, ಭಾಷೆ, ಮಾನವಶಾಸ್ತ್ರ, ತತ್ವಶಾಸ್ತ್ರ ಎಲ್ಲ ಇತ್ತು. ಈಸ್ಟ್ ಸೇಂಟ್ ಲೂಯಿಸ್‌ನಲ್ಲಿ ಮಾಡಿದ್ದೂ ಅದನ್ನೇ. ಅಲ್ಲಿ ಕರಾಟೆ, ಜೂಡೊ ಕೂಡ ಸೇರಿತು, ಬೀದಿಯ ಹುಡುಗರು ಮೊದಲು ಬರುತ್ತಿದ್ದದ್ದು ಅದಕ್ಕೇ. ಸೆನೆಗಲ್‌ನಿಂದ ಡೋಲು ಬಾರಿಸುವವರನ್ನು ಕರೆಸಿದರು. ಹಾಗಾಗಿ ಗೆಜ್ಜೆ ಮೇಡಂ ಕೇಳಿದ ಪ್ರಶ್ನೆಗೆ ನನ್ನ ಉತ್ತರ: ಅವರು ಕೆಲಸ ಬದಲಾಯಿಸಲಿಲ್ಲ, ಊರು ಬದಲಾಯಿಸಿದರು.

ಮತ್ತೆ ಆಲ್ವಿನ್ ಏಲಿ ಹೆಸರು ತೆಗೆದಿರಿ ಸರ್. ಏಲಿ ಹದಿಹರೆಯದಲ್ಲಿ ಲಾಸ್ ಏಂಜಲೀಸ್‌ನಲ್ಲಿ ಡನ್‌ಹ್ಯಾಮ್ ತಂಡವನ್ನು ನೋಡಿದ್ದರು. ಕಪ್ಪು ನರ್ತಕರು ವೇದಿಕೆಯ ಮೇಲೆ ಹಾಗೂ ಇರಬಹುದು ಅಂತ ಆಗ ಗೊತ್ತಾದದ್ದು. 1987ರಲ್ಲಿ ಏಲಿ ತಂಡವೇ ಡನ್‌ಹ್ಯಾಮ್ ಅವರ ಕೃತಿಗಳನ್ನು ಸೇರಿಸಿ ಒಂದು ಸಂಜೆಯ ಕಾರ್ಯಕ್ರಮ ಮಾಡಿತು.

ಸಭಿಕ_ಜಯನಗರ

'ಸೌತ್‌ಲ್ಯಾಂಡ್' ವಿಷಯ ನನಗೆ ಇಷ್ಟು ವಿವರವಾಗಿ ಗೊತ್ತಿರಲಿಲ್ಲ. ಧನ್ಯವಾದ. ಕೃತಿಗಳು ಉಳಿಯಬೇಕಿತ್ತು ಅನ್ನುವ ಮಾತನ್ನು ನಾನು ಬಿಡುವುದಿಲ್ಲ. ಆದರೆ ತಪ್ಪನ್ನು ಅವರ ಮೇಲೆ ಹೊರಿಸುವ ಹಾಗೆ ಬರೆದದ್ದನ್ನು ವಾಪಸ್ ತೆಗೆದುಕೊಳ್ಳುತ್ತೇನೆ.

ಎರಡು_ಮಕ್ಕಳ_ಅಮ್ಮ

ನಾನು ದಾವಣಗೆರೆ. ನೃತ್ಯ ಗೊತ್ತಿಲ್ಲ, ಆದರೆ ಆ ಗಾರೆ ಕೆಲಸದವರ ಹೆಂಡತಿಯ ಮಾತು ಓದಿ ಎದೆ ಭಾರವಾಯಿತು. ನನ್ನ ದೊಡ್ಡ ಮಗಳ ವಿಷಯದಲ್ಲೂ ಹೀಗೇ ಆಯಿತು. ಒಂದು ಉತ್ಸವದಲ್ಲಿ ಹತ್ತು ನಿಮಿಷ ಕುಣಿಯಲು ನಾವೇ ದುಡ್ಡು ಕಟ್ಟಬೇಕು ಅಂದರು. ಕಟ್ಟಿದೆವು ಕೂಡ. ಮುಂದಿನ ವರ್ಷ ಆಗಲಿಲ್ಲ, ಅಲ್ಲಿಗೆ ನಿಂತಿತು. ಈಗ ಅವಳು ಅಡುಗೆಮನೆಯಲ್ಲಿ ಹಾಡು ಹಾಕಿಕೊಂಡು ಪಾತ್ರೆ ತೊಳೆಯುವಾಗ ಕಾಲು ತಾಳ ಹಾಕುತ್ತಿರುತ್ತದೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಒಂದು ಕೇಳಬೇಕು. ಆ ಈಸ್ಟ್ ಸೇಂಟ್ ಲೂಯಿಸ್ ಜನ ಇವರನ್ನು ಸುಲಭವಾಗಿ ಒಪ್ಪಿಕೊಂಡರಾ? ಹೊರಗಿನಿಂದ ಬಂದ ದೊಡ್ಡ ಹೆಂಗಸು, ಸಿನಿಮಾದಲ್ಲಿ ಇದ್ದವರು. ನಮ್ಮಲ್ಲಾದರೆ ಇವರಿಗೇನು ಕೆಲಸ ಇಲ್ಲಿ ಅನ್ನುತ್ತಿದ್ದರು.

ಮಿಸಿಸಿಪ್ಪಿ_ದಂಡೆ

ಅಕ್ಕ, ಸುಲಭ ಇರಲಿಲ್ಲ. ಅರವತ್ತರ ದಶಕದ ಕೊನೆ, ಊರೂರಲ್ಲಿ ಹೊತ್ತಿ ಉರಿಯುತ್ತಿದ್ದ ಕಾಲ. ಹುಡುಗರಿಗೆ ಯಾರ ಮೇಲೂ ನಂಬಿಕೆ ಇರಲಿಲ್ಲ. ಅವರು ಹುಡುಗರು ಇದ್ದ ಕಡೆಗೇ ಹೋದರು. 1967ರಲ್ಲಿ ಪೊಲೀಸರು ಒಬ್ಬ ಯುವಕನನ್ನು ಹಿಡಿದುಕೊಂಡು ಹೋದಾಗ ಯಾಕೆ ಅಂತ ಕೇಳಲು ಸ್ಟೇಷನ್ನಿಗೆ ಹೋದರು. ಇವರನ್ನೂ ಒಳಗೆ ಹಾಕಿದರು. ಕೆಲವು ಗಂಟೆ ಅಷ್ಟೇ. ಆದರೆ ಆ ಸುದ್ದಿ ಊರಿಗೆಲ್ಲ ಹಬ್ಬಿತು. ನಮಗೋಸ್ಕರ ಲಾಕಪ್ಪಿಗೆ ಹೋದ ಹೆಂಗಸು ಅಂದ ಮೇಲೆ ಇನ್ನೇನು ಬೇಕು.

ಮತ್ತೆ ಮುಖ್ಯ ವಿಷಯ, ಅವರು ಬಂದು ಹೋಗುವವರಾಗಿರಲಿಲ್ಲ. ಅದೇ ಬೀದಿಯಲ್ಲಿ ಮನೆ ಮಾಡಿ ದಶಕಗಟ್ಟಲೆ ಇದ್ದರು. 1983ರಲ್ಲಿ ಕೆನಡಿ ಸೆಂಟರ್ ಗೌರವ ಬಂತು, 1989ರಲ್ಲಿ ರಾಷ್ಟ್ರೀಯ ಕಲಾ ಪದಕ ಬಂತು. ಆಗಲೂ ವಿಳಾಸ ಈಸ್ಟ್ ಸೇಂಟ್ ಲೂಯಿಸ್ಸೇ.

ಮೇಷ್ಟ್ರು_ಯಲ್ಲಾಪುರ

ಈ ಚರ್ಚೆ ನೋಡಿ ಬರೆಯದೆ ಇರಲು ಆಗಲಿಲ್ಲ. ನಾನು ಯಲ್ಲಾಪುರ ಕಡೆಯ ಶಾಲಾ ಮೇಷ್ಟ್ರು. ನಮ್ಮ ಶಾಲೆಯ ಮಕ್ಕಳಲ್ಲಿ ಸಿದ್ದಿಯರು ಬಹಳ ಜನ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಾಡಂಚಿನಲ್ಲಿ ಇರುವ ಈ ಜನರ ಹಿರಿಯರು ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರು. ಅವರಲ್ಲಿ ಎಷ್ಟೋ ಜನರನ್ನು ಗುಲಾಮರನ್ನಾಗಿ ಹಡಗಿನಲ್ಲಿ ತಂದದ್ದು. ಮನೆಯಲ್ಲಿ ಕೊಂಕಣಿ ಮಾತಾಡುತ್ತಾರೆ, ಶಾಲೆಯಲ್ಲಿ ಕನ್ನಡ. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಇದ್ದಾರೆ. ಉತ್ತರ ಕನ್ನಡದ ಸಿದ್ದಿಯರನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿದ್ದು 2003ರಲ್ಲಿ.

ಡನ್‌ಹ್ಯಾಮ್ 1935ರಲ್ಲಿ ಹೈಟಿಗೆ ತೆಗೆದುಕೊಂಡು ಹೋದ ಪ್ರಶ್ನೆ ನನ್ನ ಶಾಲೆಯ ಅಂಗಳದಲ್ಲೇ ಇದೆ. ಆಫ್ರಿಕಾದ ಭಾಷೆ ಹೋಯಿತು. ಊರಿನ ಹೆಸರು ಯಾರಿಗೂ ನೆನಪಿಲ್ಲ. ಆದರೆ ಡಮಾಮಿ ಉಳಿದಿದೆ. ತೊಗಲಿನ ವಾದ್ಯ, ನೆಲದ ಮೇಲೆ ಇಟ್ಟು ಬಾರಿಸುತ್ತಾರೆ. ಅದರ ಸುತ್ತ ಹಾಡು, ಕುಣಿತ. ಹೆಂಗಸರು ಸುತ್ತ ನಿಂತು ಹಾಡು ಎತ್ತಿದರೆ ಅಜ್ಜಿಯಂದಿರ ಸೊಂಟವೂ ತಡೆಯುವುದಿಲ್ಲ.

ನನ್ನ ತಪ್ಪೊಂದನ್ನು ಹೇಳಿಕೊಳ್ಳುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ವಾರ್ಷಿಕೋತ್ಸವಕ್ಕೆ ಈ ಮಕ್ಕಳಿಗೆ ಸಿನಿಮಾ ಹಾಡಿಗೆ ಕುಣಿಸಿದ್ದೆ. ಹೆಜ್ಜೆ ಸರಿಯಾಗಿ ಬರುತ್ತಿಲ್ಲ ಅಂತ ಬೈದಿದ್ದೆ. ಕಾರ್ಯಕ್ರಮ ಮುಗಿದ ಮೇಲೆ ಶಾಲೆಯ ಹಿಂದೆ ಒಬ್ಬ ಹುಡುಗ ಖಾಲಿ ಎಣ್ಣೆ ಡಬ್ಬ ಬಡಿದ. ಉಳಿದವರು ಕುಣಿದರು. ಆ ತಾಳಕ್ಕೆ ನಾನು ನಿಂತಲ್ಲೇ ನಿಂತೆ. ಇವರಿಗೆ ಹೆಜ್ಜೆ ಬರುವುದಿಲ್ಲ ಅಂದವನು ನಾನೇನಾ ಅಂತ ನಾಚಿಕೆಯಾಯಿತು. ಮುಂದಿನ ವರ್ಷದಿಂದ ಊರಿನ ಹಿರಿಯರನ್ನೇ ಕರೆಸುತ್ತಿದ್ದೇನೆ, ಅವರೇ ಕಲಿಸುತ್ತಾರೆ.

ಇದನ್ನು ನನಗಿಂತ ಮುಂಚೆ ಕಂಡವರು ಇದ್ದಾರೆ. ಎಂಬತ್ತರ ದಶಕದಲ್ಲಿ ನೀನಾಸಂನವರು ಮಂಚಿಕೇರಿ ಕಡೆ ಸಿದ್ದಿಯರ ಜೊತೆ ನಾಟಕ ಕಟ್ಟಿದ್ದರು. ಇಲ್ಲಿಂದ ರಂಗಭೂಮಿಗೆ, ಸಿನಿಮಾಕ್ಕೆ ಹೋದ ಸಿದ್ದಿ ಕಲಾವಿದರು ಇದ್ದಾರೆ.

ನೇಪಥ್ಯ_ಮೈಸೂರು

ಮೇಷ್ಟ್ರೇ, ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಡನ್‌ಹ್ಯಾಮ್ ಜಮೈಕಾದಲ್ಲಿ ಅಕಾಂಪಾಂಗ್ ಅನ್ನುವ ಗುಡ್ಡದ ಹಳ್ಳಿಯಲ್ಲಿದ್ದರು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬೆಟ್ಟ ಸೇರಿದ ಮರೂನ್ ಜನರ ಊರು. ನೀವು ಬರೆದದ್ದು ಆ ಊರಿನ ಪಕ್ಕದ ಊರಿನ ಕಥೆ ಇದ್ದ ಹಾಗಿದೆ.

ತಮಟೆ_ಚಿಕ್ಕಬಳ್ಳಾಪುರ

ನಾನು ತಮಟೆ ಬಾರಿಸುವವನು. ಅಪ್ಪನೂ ಬಾರಿಸುತ್ತಿದ್ದರು. ನೃತ್ಯದವರ ಚರ್ಚೆಯಲ್ಲಿ ನಮ್ಮಂಥವರು ಬರೆಯಬಹುದಾ ಅಂತ ಒಂದು ದಿನ ಯೋಚನೆ ಮಾಡಿದೆ.

ಡನ್‌ಹ್ಯಾಮ್ ಕ್ಲಾಸಿನ ವಿಡಿಯೋ ಹುಡುಕಿ ನೋಡಿದೆ. ಮೊದಲು ಉಸಿರಾಟ. ಆಮೇಲೆ ಕಂಬಿ ಹಿಡಿದು ಬೆನ್ನು ಬಗ್ಗಿಸೋದು, ನೆಟ್ಟಗೆ ಮಾಡೋದು. ಆಮೇಲೆ ಶಿರಸಿಯವರು ಹೇಳಿದ ಹಾಗೆ ಒಂದೊಂದೇ ಅಂಗ ಬೇರೆ ಬೇರೆ ಆಡಿಸೋದು. ಕೊನೆಗೆ ಸಾಲು ಮಾಡಿಕೊಂಡು ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ಕುಣಿಯುತ್ತಾ ದಾಟೋದು. ನಾನು ನೋಡಿದ್ದು ಮೂಲೆಯಲ್ಲಿ ಕೂತ ಡೋಲಿನವರನ್ನು. ರೆಕಾರ್ಡ್ ಅಲ್ಲ, ಮನುಷ್ಯರು. ಮಕ್ಕಳು ಸುಸ್ತಾದರೆ ಅವರು ಬಿಸಿ ಏರಿಸುತ್ತಾರೆ. ಒಬ್ಬ ತಪ್ಪಿದರೆ ಡೋಲಿಗೆ ಎದ್ದು ಕೇಳುವ ಪೆಟ್ಟು ಕೊಟ್ಟು ಅವನನ್ನು ತಾಳಕ್ಕೆ ಎತ್ತಿಕೊಳ್ಳುತ್ತಾರೆ. ಕೈ ಮತ್ತು ಕಾಲು ಮಾತಾಡಿಕೊಳ್ಳುತ್ತವೆ.

ನಮ್ಮದೂ ಹಾಗೇ. ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸಿ, ತೊಗಲು ಬಿಗಿ ಮಾಡಿಕೊಂಡು ಇಳಿದರೆ, ಕುಣಿಯುವವನ ಕಾಲು ನೋಡಿಕೊಂಡೇ ಬಾರಿಸೋದು. ಆದರೆ ಇಷ್ಟು ವರ್ಷದಲ್ಲಿ ನನ್ನನ್ನು ಹೆಣದ ಮುಂದೆ ಕರೆದಿದ್ದಾರೆ, ಜಾತ್ರೆಗೆ ಕರೆದಿದ್ದಾರೆ, ಪಕ್ಷದ ಮೆರವಣಿಗೆಗೆ ಕರೆದಿದ್ದಾರೆ. ಒಂದು ಕ್ಲಾಸಿಗೆ ಮೇಷ್ಟ್ರಾಗಿ ಯಾರೂ ಕರೆದಿಲ್ಲ. ನಮ್ಮ ಕಡೆಯ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಆವತ್ತು ನಮ್ಮ ಬೀದಿಯಲ್ಲಿ ಎಲ್ಲರ ಕಣ್ಣಲ್ಲೂ ನೀರು. ತಮಟೆಗೆ ಪದ್ಮಶ್ರೀ ಬಂದರೂ ತಮಟೆಯವನಿಗೆ ಒಳಗೆ ಕುರ್ಚಿ ಹಾಕಲು ಇನ್ನೂ ಜನ ಹಿಂದೆ ಮುಂದೆ ನೋಡುತ್ತಾರೆ.

ಆ ಹೆಂಗಸು ಸೆನೆಗಲ್‌ನಿಂದ ಡೋಲಿನವರನ್ನು ಕರೆಸಿ ಗುರು ಅಂತ ಕೂರಿಸಿದರು ಅಂತ ಓದಿ, ಬಹಳ ಹೊತ್ತು ಮೊಬೈಲ್ ಕೆಳಗಿಡಲಿಲ್ಲ.

ಗೆಜ್ಜೆ_ಹಾಸನ

ಅಣ್ಣಾ, ಬರೆಯಬಹುದಾ ಅಂತ ಯಾವತ್ತೂ ಕೇಳಬೇಡಿ. ನಿಮಗೆ ಖಾಸಗಿಯಾಗಿ ಒಂದು ಸಂದೇಶ ಕಳಿಸಿದ್ದೇನೆ, ದಯವಿಟ್ಟು ನೋಡಿ.

ಓದುಗ_ಧಾರವಾಡ

ನನ್ನದೊಂದು ಅನುಮಾನ. ಹೈಟಿಯ ವೂಡೂ ಪೂಜೆಯ ಕುಣಿತವನ್ನು ಬ್ರಾಡ್‌ವೇಗೆ ತಂದು ಟಿಕೆಟ್ ಇಟ್ಟು ತೋರಿಸಿದ್ದು ಸರಿಯಾ? ನಮ್ಮಲ್ಲೂ ಭೂತಕೋಲವನ್ನು ವೇದಿಕೆಗೆ, ರೀಲ್ಸ್‌ಗೆ ತಂದರೆ ತುಳುನಾಡಿನವರಿಗೆ ನೋವಾಗುತ್ತದೆ. ಆ ನೋವು ನ್ಯಾಯವೇ. ಡನ್‌ಹ್ಯಾಮ್ ಅವರಿಗೆ ಮಾತ್ರ ಬೇರೆ ಅಳತೆ ಯಾಕೆ?

ನೇಪಥ್ಯ_ಮೈಸೂರು

ಒಳ್ಳೆಯ ಪ್ರಶ್ನೆ, ಧಾರವಾಡದವರೇ. ಬೇರೆ ಅಳತೆ ಬೇಡ. ಮೂರು ವಿಷಯ ಮಾತ್ರ ಗಮನಿಸಿ. ಒಂದು, ಅವರು ಹೊರಗೆ ನಿಂತು ನೋಡಿ ಬರೆದುಕೊಂಡು ಬಂದವರಲ್ಲ. ಹೈಟಿಯಲ್ಲಿ ವೂಡೂ ದೀಕ್ಷೆ ತೆಗೆದುಕೊಂಡರು. ಅಲ್ಲಿ ಕಳೆದ ದಿನಗಳ ಬಗ್ಗೆ 1969ರಲ್ಲಿ ಪುಸ್ತಕ ಬರೆದಾಗ ತಮ್ಮ ಗೊಂದಲಗಳನ್ನೂ ಮುಚ್ಚಿಡಲಿಲ್ಲ. ಸಂಶೋಧಕಿ ಎಲ್ಲಿ ಮುಗಿಯುತ್ತಾಳೆ, ಭಕ್ತೆ ಎಲ್ಲಿ ಶುರುವಾಗುತ್ತಾಳೆ ಅನ್ನೋದು ಅವರಿಗೇ ಪ್ರಶ್ನೆಯಾಗಿತ್ತು. ಎರಡು, ವೇದಿಕೆಗೆ ತಂದದ್ದು ಪೂಜೆಯನ್ನಲ್ಲ, ಅದರಿಂದ ಹುಟ್ಟಿದ ಹೊಸ ರಚನೆಯನ್ನು. ಅಲ್ಲೂ ಗೆರೆ ದಾಟಿದ್ದಾರೆ ಅನ್ನುವವರು ಇರಬಹುದು, ನಾನು ಜಗಳ ಆಡುವುದಿಲ್ಲ. ಮೂರನೆಯದು ನನಗೆ ದೊಡ್ಡದು. ತೆಗೆದುಕೊಂಡ ಮೇಲೆ ವಾಪಸ್ ಹೋದರು. ಹೈಟಿಯಲ್ಲಿ ಜಾಗ ತೆಗೆದುಕೊಂಡು ಅಲ್ಲಿಯ ಬಡವರಿಗೆ ಚಿಕಿತ್ಸಾಲಯ ನಡೆಸಿದರು.

ಮತ್ತೆ 1992. ಇದನ್ನು ಇನ್ನೂ ಯಾರೂ ಹೇಳಿಲ್ಲ ಅಲ್ವಾ?

ಹಿಂದಿನ ವರ್ಷ ಹೈಟಿಯಲ್ಲಿ ಸೇನೆ ದಂಗೆ ಎದ್ದು ಅಧ್ಯಕ್ಷ ಅರಿಸ್ಟೀಡ್ ಅವರನ್ನು ಓಡಿಸಿತ್ತು. ಜನ ಸಣ್ಣ ಸಣ್ಣ ದೋಣಿಗಳಲ್ಲಿ ಅಮೆರಿಕದ ಕಡೆಗೆ ಹೊರಟರು. ಅಮೆರಿಕ ಅವರನ್ನು ಸಮುದ್ರದಲ್ಲೇ ತಡೆದು ವಾಪಸ್ ಕಳಿಸತೊಡಗಿತು. ಡನ್‌ಹ್ಯಾಮ್‌ಗೆ ಆಗ 82 ವರ್ಷ. ಮಂಡಿ ಯಾವತ್ತೋ ಹೋಗಿತ್ತು. ಈಸ್ಟ್ ಸೇಂಟ್ ಲೂಯಿಸ್‌ನ ತಮ್ಮ ಮನೆಯಲ್ಲೇ ಉಪವಾಸ ಕೂತರು. ಹತ್ತು ದಿನ, ಇಪ್ಪತ್ತು ದಿನ, ಮೂವತ್ತು ದಿನ. 47 ದಿನ. ಕೊನೆಗೆ ಅರಿಸ್ಟೀಡ್ ಅವರೇ ಮನೆಗೆ ಬಂದು ಬೇಡಿಕೊಂಡ ಮೇಲೆ ಬಿಟ್ಟರು.

ಐವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ತಮಗೆ ಹೆಜ್ಜೆ ಕಲಿಸಿದ ಜನರಿಗೋಸ್ಕರ. ಸಾಲ ಅಂದುಕೊಂಡಿದ್ದರು ಅದನ್ನು.

ಓದುಗ_ಧಾರವಾಡ

ಇದು ಗೊತ್ತಿರಲಿಲ್ಲ. ನನ್ನ ಪ್ರಶ್ನೆ ಹಾಗೇ ಇದೆ, ಆದರೆ ಈಗ ಅದನ್ನು ಬೇರೆಯವರಿಗೆ ಕೇಳಬೇಕು ಅನ್ನಿಸುತ್ತಿದೆ. ತೆಗೆದುಕೊಂಡು ವಾಪಸ್ ಹೋಗದವರಿಗೆ.

ಎರಡು_ಮಕ್ಕಳ_ಅಮ್ಮ

ಕೊನೆಗಾಲ ಹೇಗಿತ್ತು ಅವರದು? ಚೆನ್ನಾಗಿ ನೋಡಿಕೊಂಡರಾ ಯಾರಾದರೂ?

ಮಿಸಿಸಿಪ್ಪಿ_ದಂಡೆ

ದುಡ್ಡಿನ ಕಷ್ಟ ಕೊನೆಯ ತನಕ ಇತ್ತು ಅಕ್ಕ. ಇದ್ದದ್ದನ್ನೆಲ್ಲ ಕೇಂದ್ರಕ್ಕೆ, ಮ್ಯೂಸಿಯಂಗೆ ಹಾಕಿದವರು. ಪತಿ 1986ರಲ್ಲಿ ಹೋಗಿದ್ದರು. ಗಾಲಿ ಕುರ್ಚಿಯಲ್ಲಿ ಕೂತೇ ಕ್ಲಾಸು ನೋಡುತ್ತಿದ್ದರು, ತಿದ್ದುತ್ತಿದ್ದರು. ಕೊನೆಯ ಕೆಲವು ವರ್ಷ ನ್ಯೂಯಾರ್ಕಿನಲ್ಲಿದ್ದರು. ಸ್ನೇಹಿತರು, ಶಿಷ್ಯರು ನೋಡಿಕೊಂಡರು. 2006ರ ಮೇ 21ರಂದು ನಿದ್ದೆಯಲ್ಲೇ ಹೋದರು. 97 ತುಂಬಲು ಒಂದು ತಿಂಗಳು ಇತ್ತು. ಅವರ ಫಿಲ್ಮುಗಳು, ಒಂದಷ್ಟು ಕಾಗದಪತ್ರ ಈಗ ವಾಷಿಂಗ್ಟನ್‌ನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ. ಸಭಿಕ ಸರ್, ಹೈಟಿ, ಜಮೈಕಾ, ಮಾರ್ಟಿನಿಕ್‌ನಲ್ಲಿ ಮೂವತ್ತರ ದಶಕದಲ್ಲಿ ಅವರೇ ತೆಗೆದ ಚಲನಚಿತ್ರದ ತುಣುಕುಗಳೂ ಅದರಲ್ಲಿವೆ, ನೋಡಿ. ಡನ್‌ಹ್ಯಾಮ್ ಟೆಕ್ನಿಕ್ ಕಲಿಸಲು ಪ್ರಮಾಣಪತ್ರ ಪಡೆದ ಶಿಕ್ಷಕರು ಇವತ್ತಿಗೂ ಕಲಿಸುತ್ತಿದ್ದಾರೆ.

ಊರು ಬದಲಾಯಿತಾ ಅಂತ ಕೇಳಿದರೆ, ಇಲ್ಲ. ಹುಲ್ಲಿನ ನಡುವಿನ ಮೆಟ್ಟಿಲು ಹಾಗೇ ಇವೆ. ಸುಳ್ಳು ಹೇಳಬಾರದು. ಒಂದು ನೃತ್ಯ ಶಾಲೆ ಮುಚ್ಚಿದ ಕಾರ್ಖಾನೆಯನ್ನು ತೆರೆಯಲಾರದು. ಆದರೆ ಆ ಅಜ್ಜಿ ನನ್ನ ಮಗಳಿಗೆ ಕಲಿಸಿದರಲ್ಲ, ಶಿರಸಿಯ ಮೊಮ್ಮಗಳಿಗೆ. ಅದು ಎಲ್ಲಿಂದ ಎಲ್ಲಿಗೆ ಬಂತು ಅಂತ ಲೆಕ್ಕ ಹಾಕುತ್ತಾ ಕೂತರೆ ನನಗೆ ನಿದ್ದೆ ಬರುವುದಿಲ್ಲ.

ಸಭಿಕ_ಜಯನಗರ

ಮೈಯಿಂದ ಮೈಗೆ ಹೋಗಬೇಕು ಅಂತ ನಾನೇ ಬರೆದಿದ್ದೆ. ಅದು ಹೋಗಿರುವ ದಾರಿ ನಾನು ನೋಡುತ್ತಿದ್ದ ಕಡೆ ಇರಲಿಲ್ಲ, ಅಷ್ಟೇ. ಆ ತುಣುಕುಗಳನ್ನು ಇವತ್ತು ರಾತ್ರಿ ಹುಡುಕುತ್ತೇನೆ.

ಗೆಜ್ಜೆ_ಹಾಸನ

ಮೂರು ವಾರ ಆಯಿತು, ಇಲ್ಲಿಗೆ ಬರಲು ಆಗಿರಲಿಲ್ಲ. ಎಲ್ಲರಿಗೂ ಒಂದು ಸುದ್ದಿ.

ನಮ್ಮ ಬಡಾವಣೆಯ ಸರ್ಕಾರಿ ಶಾಲೆಯ ಹೆಡ್‌ಮಿಸ್ ಹತ್ತಿರ ಮಾತಾಡಿದೆ. ಭಾನುವಾರ ಬೆಳಗ್ಗೆ ಏಳರಿಂದ ಒಂಬತ್ತು ಶಾಲೆಯ ಹಾಲ್ ಕೊಡಲು ಒಪ್ಪಿದ್ದಾರೆ. ಫೀಸಿಲ್ಲ. ರಂಗಪ್ರವೇಶದ ಮಾತೂ ಇಲ್ಲ. ವರ್ಷಕ್ಕೊಮ್ಮೆ ಶಾಲೆಯ ಅಂಗಳದಲ್ಲೇ, ಮಕ್ಕಳ ಮನೆಯವರ ಮುಂದೆ ಕುಣಿಯೋದು. ಭರತನಾಟ್ಯದ ಮೊದಲ ಹೆಜ್ಜೆ ತಟ್ಟಡವಿನಿಂದಲೇ ಶುರು, ನನಗೆ ಗೊತ್ತಿರೋದು ಅದೇ. ಆದರೆ ತಾಳ ಹಾಕುವ ತಟ್ಟುಕೋಲು ಬಿಟ್ಟು ತಮಟೆಗೆ ತಟ್ಟಡವು ಹಾಕಿದರೆ ಹೇಗಿರುತ್ತದೆ ಅಂತ ನೋಡಬೇಕಿತ್ತು. ಚಿಕ್ಕಬಳ್ಳಾಪುರದ ಅಣ್ಣ ಮೊದಲ ಭಾನುವಾರ ಬೆಳಗಿನ ಜಾವದ ಬಸ್ಸಿಗೆ ಹೊರಟು ಬಂದಿದ್ದರು. ಬಸ್ ಚಾರ್ಜು, ಸಂಭಾವನೆ ಎರಡೂ ಕೊಟ್ಟೆ. ನನ್ನ ಪಕ್ಕ ಕುರ್ಚಿ ಹಾಕಿಸಿದ್ದೆ. ಅವರು ಕೂರಲಿಲ್ಲ. ನಿಂತೇ ಬಾರಿಸೋದು ಅಂದರು.

ಮೊದಲ ಅರ್ಧ ಗಂಟೆ ಏನೂ ಕೂಡಿ ಬರಲಿಲ್ಲ. ನಾನು ಬಾಯಲ್ಲಿ ಜತಿ (ತಾಳದ ಸೊಲ್ಲು) ಹೇಳುತ್ತಿದ್ದೆ, ಅವರು ತಮ್ಮ ದಾರಿಯಲ್ಲಿ ಹೋಗುತ್ತಿದ್ದರು. ಮಕ್ಕಳು ಇಬ್ಬರ ಮುಖವನ್ನೂ ನೋಡುತ್ತಿದ್ದರು. ಆಮೇಲೆ ಅವರು, "ಮೇಡಂ, ನೀವು ಬಾಯಿ ನಿಲ್ಲಿಸಿ, ಕಾಲು ಹಾಕಿ" ಅಂದರು. ಹಾಕಿದೆ. ಅವರು ನನ್ನ ಹಿಮ್ಮಡಿ ನೋಡಿಕೊಂಡು ಬಾರಿಸಿದರು. ಎರಡನೇ ಸುತ್ತಿಗೆ ಹದಿನಾಲ್ಕು ಮಕ್ಕಳ ಕಾಲು ಒಟ್ಟಿಗೆ ಬಿತ್ತು. ಹಾಲ್‌ನ ಕಿಟಕಿ ಗಾಜು ನಡುಗಿತು.

ಗಾರೆ ಕೆಲಸದವರ ಮನೆಗೂ ಹೋಗಿದ್ದೆ. ಅವರಮ್ಮ ಕಾಫಿ ಕೊಟ್ಟರು. "ನೋಡೋಣ ಮಿಸ್" ಅಂದರು. ಮೊದಲ ಭಾನುವಾರ ಹುಡುಗಿ ಬರಲಿಲ್ಲ. ಎರಡನೇ ಭಾನುವಾರ ಹಾಲ್‌ನ ಬಾಗಿಲ ಹೊರಗೆ ಚಪ್ಪಲಿ ಬಿಡದೆ ನಿಂತಿದ್ದಳು, ತಮ್ಮನ ಕೈ ಹಿಡಿದುಕೊಂಡು. ತಮ್ಮನಿಗೆ ತಮಟೆ ನೋಡಬೇಕಂತೆ. ಒಳಗೆ ಬಾ ಅಂತ ನಾನು ಕರೆಯಲಿಲ್ಲ, ಸುಮ್ನೆ ಬಾಗಿಲು ಇನ್ನಷ್ಟು ತೆರೆದಿಟ್ಟೆ.

ಯಾರ ಹತ್ತಿರವಾದರೂ ಹಳೆಯ ಜಮಖಾನ ಇದ್ದರೆ ಹೇಳಿ. ಹಾಲ್‌ನ ನೆಲ ಒಂದು ಕಡೆ ಕಿತ್ತುಹೋಗಿದೆ, ಮಕ್ಕಳ ಪಾದಕ್ಕೆ ಚುಚ್ಚುತ್ತದೆ.